ಕೃಷ್ಣ ಬಂದ ದಾರಿಯಲ್ಲೇ ಉಡುಪಿಗೆ

ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು, ಕೊಲ್ಲೂರು ಎಂದು ಮೂರು ದಿನಕ್ಕೆ ಲೆಕ್ಕ ಹಾಕಿ ಹೊರಟವರ ಗಾಡಿ ಉಡುಪಿಯಲ್ಲಿ ನಿಲ್ಲುವುದು ಹೆಚ್ಚೆಂದರೆ ಎರಡು ಗಂಟೆ. ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ, ಪಂಕ್ತಿಯಲ್ಲಿ ಕೂತು ಊಟ ಮಾಡಿ, ರಥಬೀದಿಯಲ್ಲಿ ಒಂದು ಸುತ್ತು ಬಂದು, "ಹೊತ್ತಿದ್ದರೆ ಮಲ್ಪೆ ಬೀಚ್ ನೋಡೋಣ" ಎನ್ನುತ್ತಾರೆ. ಹೊತ್ತು ಇರುವುದಿಲ್ಲ. ಗಾಡಿ ಮುಂದಿನ ಕ್ಷೇತ್ರಕ್ಕೆ ಹೊರಟೇಬಿಡುತ್ತದೆ. ಇಲ್ಲೇ ಬೆಳೆದ ನನಗೆ ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಉಡುಪಿಯ ಕಥೆ ಶುರುವಾಗುವುದೇ ಗುಡಿಯಿಂದ ಆರು ಕಿಲೋಮೀಟರ್ ಪಡುವಣಕ್ಕಿರುವ ಆ ಕಡಲಿನಲ್ಲಿ.

ಐತಿಹ್ಯ ಕರಾವಳಿಯ ಮಕ್ಕಳಿಗೆಲ್ಲ ಬಾಯಿಪಾಠ. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ಕಾವಿ ವಸ್ತ್ರವನ್ನು ಬೀಸಿ ಅದನ್ನು ಪಾರು ಮಾಡಿದರು. ಹಡಗಿನವನು ಬೇಕಾದ್ದು ಕೇಳಿ ಎಂದಾಗ ಅವರು ಕೇಳಿದ್ದು ಗೋಪೀಚಂದನದ ಗಡ್ಡೆಗಳನ್ನು. ಒಂದರೊಳಗೆ ಬಲರಾಮ, ಇನ್ನೊಂದರೊಳಗೆ ಕೃಷ್ಣ. ಬಲರಾಮ ಕಡಲ ತಡಿಯಲ್ಲೇ ಉಳಿದ. ಮಲ್ಪೆ ಬೀಚಿನ ಬುಡದಲ್ಲಿರುವ ವಡಭಾಂಡೇಶ್ವರದ ಗುಡಿ ಅವನದು. ತಮ್ಮನಾದ ಕೃಷ್ಣ ಉಡುಪಿಗೆ ಹೋಗಿ ನೆಲೆ ನಿಂತ. ಇದು 13ನೇ ಶತಮಾನದ ಮಾತು. ಗರ್ಭಗುಡಿಯ ಕೃಷ್ಣ ಇವತ್ತಿಗೂ ಮುಖ ಮಾಡಿರುವುದು ಪಡುವಣಕ್ಕೆ. ಕನಕದಾಸರಿಗಾಗಿ ತಿರುಗಿ ನಿಂತ ಎಂಬ ಕಥೆ ನಾಡಿಗೆಲ್ಲ ಗೊತ್ತು. ಕೃಷ್ಣನನ್ನು ನೋಡುವ ಕಿಂಡಿಯ ಮುಂದೆ ನಿಂತಾಗ ನನ್ನ ಬೆನ್ನ ಹಿಂದೆ, ಅದೇ ದಿಕ್ಕಿನಲ್ಲಿ, ಕಡಲಿದೆ ಎಂಬುದನ್ನು ಮಾತ್ರ ನಾನು ಯಾವತ್ತೂ ಮರೆಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೆ: ಮೊದಲು ಮಲ್ಪೆಗೆ ಹೋಗಿ, ಆಮೇಲೆ ಉಡುಪಿಗೆ ಬನ್ನಿ. ಎರಡು ರಾತ್ರಿಯಾದರೂ ಉಳಿಯಿರಿ.

ಮಲ್ಪೆ ಎಂದರೆ ಬೀಚಿಗೂ ಮುಂಚೆ ಬಂದರು. ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಬೆಳಗಿನ ಜಾವ, ಕಣ್ಣುಜ್ಜಿಕೊಂಡಾದರೂ ಸರಿ, ಅಲ್ಲಿನ ದಕ್ಕೆಗೆ ಹೋಗಬೇಕು. ಕೆಂಪು, ನೀಲಿ, ಹಸಿರು ಬಳಿದ ಬೋಟುಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿರುತ್ತವೆ. ಹತ್ತಿರದ ನೀರಿನಲ್ಲಿ ಬಲೆ ಬೀಸಿ ಅವತ್ತೇ ಮರಳಿದವು ಒಂದೆಡೆ, ವಾರಗಟ್ಟಲೆ ಆಳಸಮುದ್ರದಲ್ಲಿದ್ದು ಬಂದವು ಇನ್ನೊಂದೆಡೆ. ಒಳಗಿನ ಮಂಜುಗಡ್ಡೆಯ ಕೋಣೆಯಿಂದ ಮೀನು ಬುಟ್ಟಿ ಬುಟ್ಟಿಯಾಗಿ ಮೇಲೆ ಬರುತ್ತದೆ. ಸಿಮೆಂಟು ನೆಲದ ಮೇಲೆ ರಾಶಿ ಬಿದ್ದದ್ದೇ ತಡ, ಏಲಂ ಶುರು. ಕೂಗುವವನು ಉಸಿರು ತೆಗೆದುಕೊಳ್ಳುವ ಮೊದಲೇ ರಾಶಿ ಕೈ ಬದಲಾಯಿಸಿರುತ್ತದೆ. ಸೊಂಟಕ್ಕೆ ಸೆರಗು ಬಿಗಿದ ಮೊಗವೀರ ಹೆಂಗಸರು ಕಿವಿರು ಎತ್ತಿ ಬಣ್ಣ ನೋಡಿ, ಹೊಟ್ಟೆ ಒತ್ತಿ ನೋಡಿ, ಒಂದೇ ಮಾತಿನಲ್ಲಿ ದರ ಹೇಳುತ್ತಾರೆ. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. ಬೂತಾಯಿ, ಬಂಗುಡೆ, ಅಂಜಲ್, ಕಾಣೆ, ಮಾಂಜಿ, ಸಿಗಡಿ, ಬೊಂಡಾಸ್: ಒಂದು ಗಂಟೆ ನಿಂತರೆ ಕಡಲಿನ ಅರ್ಧ ಹೆಸರುಗಳು ಬಾಯಿಗೆ ಬರುತ್ತವೆ. ಒಂದೇ ಎಚ್ಚರ, ಅದು ದುಡಿಯುವವರ ಜಾಗ. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಒಂದು ಮಾತು ಕೇಳಿ.

ಬೋಟುಗಳ ಗದ್ದಲದಿಂದ ದೂರ ಕೈರಂಪಣಿ ಬಲೆ ಹಾಕುವುದನ್ನು ನೋಡುವ ಭಾಗ್ಯ ಸಿಕ್ಕರೆ ಬಿಡಬೇಡಿ. ಸಣ್ಣ ದೋಣಿಯೊಂದು ಬಲೆಯನ್ನು ಕಡಲಿಗೆ ಒಯ್ದು ಅರ್ಧ ಚಂದ್ರದಂತೆ ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗ ಹಿಡಿದು ಎರಡು ಗುಂಪು ದಡದಿಂದ ಎಳೆಯುತ್ತದೆ. ಮರಳಿಗೆ ಹಿಮ್ಮಡಿ ಊರಿ, ಮೈ ಹಿಂದಕ್ಕೆ ವಾಲಿಸಿ, ಅಂಗುಲ ಅಂಗುಲವಾಗಿ. ಬಲೆ ಹತ್ತಿರ ಬಂದಂತೆ ಎರಡು ಗುಂಪೂ ಒಂದಾಗುತ್ತವೆ. ಕೊನೆಯ ಹತ್ತು ಮಾರಿನಲ್ಲಿ ನೀರು ಕುದಿಯುವಂತೆ ಮೀನು ಚಿಮ್ಮುತ್ತದೆ. ಯಂತ್ರದ ಬೋಟುಗಳು ಬಂದ ಮೇಲೆ ಈ ಬಲೆಗೆ ಸಿಗುವ ಪಾಲು ಸಣ್ಣದಾಗಿದೆ. ಆದರೂ ಎಳೆಯುವವರು ಎಳೆಯುತ್ತಲೇ ಇದ್ದಾರೆ.

ಮಲ್ಪೆಯಿಂದ ಬೋಟು ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ನಮ್ಮ ಹಿರಿಯರು ಇದನ್ನು ತೋನ್ಸೆಪಾರ್ ಎನ್ನುತ್ತಿದ್ದರು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಎಂಬುದು ಪ್ರತೀತಿ. ಹೆಸರಿಗಿಂತ ಕಲ್ಲು ನೋಡಬೇಕು. ಯಾರೋ ಬಡಗಿ ಅಳತೆ ಹಿಡಿದು ಕೆತ್ತಿ ಜೋಡಿಸಿದಂತೆ ಐದು, ಆರು, ಏಳು ಮೂಲೆಗಳ ಕಂಬಗಳು ಕಡಲಿನಿಂದ ಎದ್ದು ನಿಂತಿವೆ. ಒಣಗಿದ ಕೆರೆಯ ಕೆಸರು ಬಿರಿದಾಗ ಮೂಲೆ ಮೂಲೆಯಾದ ಹಲ್ಲೆಗಳಾಗುತ್ತವಲ್ಲ, ಇದೂ ಅದೇ ಬಗೆ. ಕುದಿಯುವ ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಮೇಲಿನಿಂದ ಕೆಳಕ್ಕೆ ಇಳಿದು ಕಂಬಗಳಾದವು. ವಿಜ್ಞಾನಿಗಳ ಪ್ರಕಾರ ಇದಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಡದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು, ಬರಿಗಾಲಿಗೆ ಚುಚ್ಚುತ್ತವೆ. ಆ ಕಂಬಗಳ ತುದಿಗೆ ಹೋಗಿ ಸೆಲ್ಫಿಗೆ ನಿಲ್ಲುವ ಹುಡುಗರನ್ನು ಕಂಡರೆ ನನ್ನ ಎದೆ ನಡುಗುತ್ತದೆ. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ.

ಇಷ್ಟು ಸುತ್ತಿ ಬಂದ ಹೊಟ್ಟೆಗೆ ಮೀನೂಟವೇ ಸರಿ. ಮಲ್ಪೆಯ ಆಸುಪಾಸಿನ ಸಣ್ಣ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಬಂಗುಡೆ ಗಸಿ, ಮೇಲೆ ಕಾಣೆ ರವಾ ಫ್ರೈ. ನಾನು ಮಾತ್ರ ಕೇಳುವುದು ಬೂತಾಯಿ ಪುಳಿಮುಂಚಿ. ತುಳುವಿನಲ್ಲಿ ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು, ಹೆಸರಲ್ಲೇ ಅಡುಗೆಯಿದೆ. ಮಣ್ಣಿನ ಪಾತ್ರೆಯಲ್ಲಿ ಮಾಡಿ ಒಂದು ರಾತ್ರಿ ಇಟ್ಟದ್ದಾದರೆ ರುಚಿ ಮೀನಿನೊಳಕ್ಕೆ ಇನ್ನೂ ಇಳಿದಿರುತ್ತದೆ.

ಮೀನು ತಿನ್ನದವರಿಗೆ ಉಡುಪಿಯಲ್ಲಿ ಯಾವ ಕೊರತೆಯೂ ಇಲ್ಲ ಎಂದು ಬೇರೆ ಹೇಳಬೇಕೆ? ಇಡೀ ದೇಶಕ್ಕೆ ಹೋಟೆಲಿನ ಊಟ ಕಲಿಸಿದ ಊರಿದು. ರಥಬೀದಿಯ ಹತ್ತಿರದ ಮಿತ್ರ ಸಮಾಜದ ಗೋಳಿಬಜೆಗೆ ಸಂಜೆ ಹೋದರೆ ಜಾಗಕ್ಕೆ ಕಾಯಬೇಕು. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟಿಗೆ ಶುಂಠಿ, ಹಸಿಮೆಣಸು, ಕರಿಬೇವು, ಕಾಯಿ ಚೂರು. ಕೈಯಿಂದಲೇ ಚಿಟಿಕೆಯಷ್ಟು ಹಿಟ್ಟು ಎಣ್ಣೆಗೆ ಬಿಟ್ಟರೆ ತಾನೇ ಉರುಳಿ ಉಂಡೆಯಾಗುತ್ತದೆ. ಬೆಳಗಿನ ತಿಂಡಿಗೆ ಬನ್ಸ್ ತಿನ್ನಿ. ಬೇಕರಿಯ ಬನ್ ಅಂದುಕೊಳ್ಳಬೇಡಿ: ಕಳಿತ ಬಾಳೆಹಣ್ಣು ಕಿವುಚಿ ಕಲಸಿ, ರಾತ್ರಿಯಿಡೀ ಹುದುಗಲು ಬಿಟ್ಟು, ಪೂರಿಯಂತೆ ಕರಿದದ್ದು. ಸಿಹಿಯ ಜತೆ ಖಾರದ ಚಟ್ನಿ. ಇನ್ನು ಗಡ್‌ಬಡ್ ಐಸ್‌ಕ್ರೀಮ್ ಹುಟ್ಟಿದ್ದು ಇಲ್ಲಿನ ಡಯಾನಾ ಹೋಟೆಲಿನಲ್ಲಿ ಎನ್ನುತ್ತಾರೆ ಊರಿನವರು. ಉದ್ದ ಗ್ಲಾಸಿನ ತಳದಿಂದ ತುದಿಯವರೆಗೆ ಐಸ್‌ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿ. ಒಬ್ಬರೇ ಮುಗಿಸುವುದು ಕಷ್ಟ.

ರಥಬೀದಿಗೆ ಬಂದಾಗ ಊರಿನ ಕ್ರಮ ಪಾಲಿಸಿ ನೋಡಿ. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಸುತ್ತಲೂ ಅಷ್ಟಮಠಗಳು. ಕೃಷ್ಣನ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ದಾಟುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಇದ್ದ ಈ ಪರ್ಯಾಯವನ್ನು ಎರಡು ವರ್ಷಕ್ಕೆ ಏರಿಸಿದವರು 16ನೇ ಶತಮಾನದ ಯತಿ ವಾದಿರಾಜರು. ಪರ್ಯಾಯ ಬದಲಾಗುವ ದಿನವಾದ, ಸಮಸಂಖ್ಯೆಯ ವರ್ಷಗಳ ಜನವರಿ 18ರ ಹಿಂದಿನ ರಾತ್ರಿ ಈ ಊರು ಮಲಗುವುದಿಲ್ಲ. ಅದೇ ವಾದಿರಾಜರು ಕೊಟ್ಟ ಬೀಜದಿಂದ ಬೆಳೆದದ್ದೆಂದು ಜನ ನಂಬುವ ಮಟ್ಟುಗುಳ್ಳವನ್ನೂ ಇಲ್ಲಿ ಸವಿಯಬೇಕು. ಕಟಪಾಡಿಯ ಹತ್ತಿರ ಕಡಲ ಬದಿಯ ಮಟ್ಟು ಗ್ರಾಮದ ದುಂಡನೆಯ ಹಸಿರು ಬದನೆ ಅದು. ಸಿಪ್ಪೆ ತೆಳು, ಬೇಯಿಸಿದರೆ ಬಾಯಲ್ಲಿ ಕರಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಊಟದ ಸಾಂಬಾರಿನಲ್ಲಿ ಅದು ಬಿದ್ದ ದಿನ ನೀವು ಅದೃಷ್ಟವಂತರು.

ಎರಡನೆಯ ದಿನ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಮೀಸಲಿಡಿ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು, ಕೆಡವಲು ಹೊರಟ ಹಳೆಯ ಮನೆಗಳನ್ನು ತೊಲೆ, ಕಂಬ, ಹೆಂಚು ಸಮೇತ ಬಿಚ್ಚಿ ತಂದು ಇಲ್ಲಿ ಮತ್ತೆ ಎಬ್ಬಿಸಿದರು. ಮಿಯಾರಿನ ಮನೆ, ಹರ್ಕೂರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್ ಎಲ್ಲವೂ ಒಂದೇ ಅಂಗಳದಲ್ಲಿ. ಒಬ್ಬ ಮನುಷ್ಯನ ಹಟ ಏನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ನಮ್ಮ ಜಿಲ್ಲೆಯಲ್ಲಿ ಕಂಡಿಲ್ಲ. ಶೆಣೈ 2017ರಲ್ಲಿ ತೀರಿಕೊಂಡರು. ಗ್ರಾಮಕ್ಕೆ ಕಾಲಿಡುವ ಮೊದಲು ಯಾವ ದಿನ, ಯಾವ ಹೊತ್ತು ತೆರೆದಿರುತ್ತದೆ ಎಂದು ವಿಚಾರಿಸಿಕೊಳ್ಳಿ.

ಸಂಜೆಗೆ ಎರಡು ದಾರಿ. ತೆಂಕಣಕ್ಕೆ ಹೋದರೆ ಕಾಪು, ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಬಡಗಣಕ್ಕೆ ಹೋದರೆ ಕೋಡಿ ಬೆಂಗ್ರೆ, ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಬರಿಯ ಒಂದು ರಸ್ತೆ ಮತ್ತು ತೆಂಗಿನ ಸಾಲು. ಸುವರ್ಣಾ ಮತ್ತು ಸೀತಾ ಸೇರಿ ಕಡಲಿಗಿಳಿಯುವ ಅಳಿವೆ ಅದರ ತುದಿ. ಕಾಪುವಿನಲ್ಲಿ ಜನ ಜಾಸ್ತಿ. ನಾನಾದರೆ ಬೆಂಗ್ರೆಗೆ ಹೋಗುತ್ತೇನೆ.

ಬರುವುದಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ದಕ್ಕೆ ಖಾಲಿ. ಮಳೆಗಾಲ ಪೂರ್ತಿ ದ್ವೀಪಕ್ಕೆ ಬೋಟು ಇಲ್ಲ. ಆ ತಿಂಗಳುಗಳಲ್ಲಿ ಬಂದರೆ ಪತ್ರೊಡೆ ತಿನ್ನಿ, ದಡದಲ್ಲಿ ನಿಂತು ಕಡಲು ನೋಡಿ, ದಯವಿಟ್ಟು ನೀರಿಗೆ ಮಾತ್ರ ಇಳಿಯಬೇಡಿ.