ತಂದೆಯ ಖಾನೆಯಲ್ಲಿ ಬರೆಸಿದ ಹೆಸರು

1861ರ ಆಗಸ್ಟ್ 31ರಂದು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್ ಎಂಬ ಊರಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹೆಸರು ಸಾರಾ. ತಾಯಿ ಎಲಿಜಬೆತ್ ಜನ್ನರ್. ತಂದೆಯ ಖಾನೆಯಲ್ಲಿ ಬರೆಸಿದ್ದು ಜಾನ್ ಜನ್ನರ್ ಎಂದು. ಕಸುಬು, ಕೂಲಿಗೆ ದುಡಿಯುವ ಹಡಗು ಬಡಗಿ. ಗಂಡ, ಹೆಂಡತಿ, ಮಗು ಎಲ್ಲ ಸರಿಯಾಗಿಯೇ ಇರುವಂತೆ ಕಾಣುವ ದಾಖಲೆ. ಈ ಸಾರಾಳ ಎರಡನೆಯ ಮಗ ಮುಂದೆ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಜಗತ್ಪ್ರಸಿದ್ಧನಾದ ಟಿ. ಇ. ಲಾರೆನ್ಸ್. ಹಾಗೆ ಆಗಿರದಿದ್ದರೆ ಆ ಸಾಲನ್ನು ಯಾರೂ ಅನುಮಾನದಿಂದ ಓದುತ್ತಿರಲಿಲ್ಲ.

ಹುಡುಕಾಟ ಶುರುವಾದದ್ದು ಅಜ್ಜಿ ಎಲಿಜಬೆತ್‌ಳಿಂದಲ್ಲ, ಮೊಮ್ಮಗ ಲಾರೆನ್ಸನಿಂದ. ಆತನ ತಂದೆ, ಐರ್ಲೆಂಡಿನ ವೆಸ್ಟ್‌ಮೀತ್ ಸೀಮೆಯ ಜಮೀನ್ದಾರ ಥಾಮಸ್ ಚಾಪ್‌ಮನ್‌ನಿಗೆ ಮೊದಲೇ ಮದುವೆಯಾಗಿ ನಾಲ್ಕು ಹೆಣ್ಣುಮಕ್ಕಳಿದ್ದರು. ಅವರನ್ನು ನೋಡಿಕೊಳ್ಳಲು ಬಂದವಳು ಸಾರಾ. ಅವಳಿಗಾಗಿ ಆತ ಮನೆ, ಹೆಂಡತಿ, ಆಸ್ತಿಯ ಸುಖ ಎಲ್ಲವನ್ನೂ ಬಿಟ್ಟು ಹೊರಟ. ವಿಚ್ಛೇದನ ಆಗಲೇ ಇಲ್ಲ. ಊರಿಂದೂರಿಗೆ ಅಲೆದು 1896ರಲ್ಲಿ ಆಕ್ಸ್‌ಫರ್ಡಿನಲ್ಲಿ ನೆಲೆಸುವ ಹೊತ್ತಿಗೆ ಅವರು ಲಾರೆನ್ಸ್ ದಂಪತಿ. ಒಟ್ಟು ಐದು ಗಂಡುಮಕ್ಕಳು. 1955ರಲ್ಲಿ ಲೇಖಕ ರಿಚರ್ಡ್ ಆಲ್ಡಿಂಗ್ಟನ್ ಲಾರೆನ್ಸ್ ಕುರಿತ ತನ್ನ ಪುಸ್ತಕದಲ್ಲಿ ಈ ಗುಟ್ಟನ್ನು ಊರಿಗೆಲ್ಲ ಸಾರಿದಾಗ ಸಾರಾ ಇನ್ನೂ ಬದುಕಿದ್ದಳು, ವಯಸ್ಸು 93. ಆ ಪುಸ್ತಕದ ದನಿಯಲ್ಲಿರುವ ಚುಚ್ಚುವಿಕೆ ನನಗೆ ಹಿಡಿಸುವುದಿಲ್ಲ. ಆದರೆ ಮಗನ ಹುಟ್ಟಿನ ಬಗ್ಗೆ ಬಾಯಿ ಬಿಟ್ಟ ಮೇಲೆ ತಾಯಿಯ ಹುಟ್ಟಿನ ಬಗ್ಗೆಯೂ ಜನ ಕೇಳತೊಡಗಿದರು. ಆಕೆ ಯಾರ ಮಗಳು? ಕೆಲವು ಪುಸ್ತಕಗಳಲ್ಲಿ ಆಕೆಯ ತೌರಿನ ಹೆಸರು ಮೇಡನ್ ಎಂದಿತ್ತು. ಜನ್ನರ್ ಎಂಬ ಹೆಸರು ಸಿಕ್ಕಮೇಲೆಯೇ ದಾರಿ ಸಂಡರ್‌ಲ್ಯಾಂಡಿನ ಜನನ ನೋಂದಣಿಗೆ ಮುಟ್ಟಿದ್ದು.

ಅಲ್ಲಿ ಕಣ್ಣಿಗೆ ಬಿದ್ದ ಮೊದಲ ತೊಡಕು ಆ ಅಡ್ಡಹೆಸರೇ. ಜನ್ನರ್ ಎಂಬುದು ಎಲಿಜಬೆತ್‌ಳ ಹುಟ್ಟುಹೆಸರು. ಗಂಡನ ಅಡ್ಡಹೆಸರೂ ಅದೇ ಆಗಿರಬೇಕಾದರೆ ಅದೊಂದು ಅಪರೂಪದ ಕಾಕತಾಳೀಯ. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಬಂದದ್ದು 1837ರ ಜುಲೈ 1ರಿಂದ. ಮೊದಲ ದಶಕಗಳಲ್ಲಿ ನೋಂದಣಿಯ ಗುಮಾಸ್ತ, ಬಂದವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ಮದುವೆಯ ಪುರಾವೆ ತೋರಿಸಿ ಎಂದು ಕೇಳುತ್ತಿರಲಿಲ್ಲ. ಮದುವೆಯಿಲ್ಲದೆ ಹುಟ್ಟಿದ ಮಗುವಿನ ತಂದೆಯ ಹೆಸರು ಬರೆಸಬೇಕಾದರೆ ಆತನೂ ತಾಯಿಯ ಜೊತೆ ಬಂದು ಸಹಿ ಹಾಕಬೇಕು ಎಂಬ ಕಟ್ಟುನಿಟ್ಟು ಬಂದದ್ದು 1875ರಲ್ಲಿ. ಎಲಿಜಬೆತ್‌ಳ ಕಾಲದಲ್ಲಿ ಇಲ್ಲದ ಗಂಡನೊಬ್ಬನನ್ನು ಬಾಯಿಮಾತಿನಲ್ಲೇ ಹುಟ್ಟಿಸಬಹುದಿತ್ತು.

ಅದಕ್ಕೂ ನೂರು ವರ್ಷ ಹಿಂದೆ ಆಗಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ಇಂಗ್ಲೆಂಡಿನ ಹಳೆಯ ಪ್ಯಾರಿಷ್, ಅಂದರೆ ಚರ್ಚಿನ ಸರಹದ್ದಿನ, ದಾಖಲೆಗಳನ್ನು ಓದುವವರಿಗೆ ಈ ವ್ಯತ್ಯಾಸ ಮೊದಲೇ ತಿಳಿದಿರಬೇಕು. 1538ರಿಂದ ಚರ್ಚುಗಳು ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು ಇವನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದವು ನಿಜ. ಆದರೆ ಮದುವೆಯಿಲ್ಲದ ತಾಯಿಯ ಮಗುವಿಗೆ ಅಲ್ಲಿ ಹೆಚ್ಚಾಗಿ ತಾಯಿಯ ಹೆಸರಷ್ಟೇ ಸಿಗುತ್ತದೆ. ತಂದೆಯ ಹೆಸರು ಸಿಗುವುದು ಬೇರೆ ಕಡೆ, ದುಡ್ಡಿನ ಕಾಗದಗಳಲ್ಲಿ. ಅನಾಥ ಮಗುವನ್ನು ಸಾಕುವ ಹೊಣೆ ಪ್ಯಾರಿಷ್ಷಿನದು, ಅಂದರೆ ಅಲ್ಲಿ ತೆರಿಗೆ ಕಟ್ಟುವ ರೈತ, ವ್ಯಾಪಾರಿಗಳದು. ಆ ಖರ್ಚನ್ನು ತಂದೆಯ ತಲೆಗೆ ಕಟ್ಟಲು 1576ರ ಕಾಯಿದೆಯೇ ದಾರಿ ಮಾಡಿಕೊಟ್ಟಿತ್ತು. ಬಸುರಿಯನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ, ಪ್ರಮಾಣ ಮಾಡಿಸಿ, ‘ಯಾರಿಗೆ?’ ಎಂದು ಕೇಳುತ್ತಿದ್ದರು. ಆಕೆ ಬಾಯಿ ಬಿಡದಿದ್ದರೆ ಹೆರಿಗೆ ನೋವಿನ ನಡುವೆ ಸೂಲಗಿತ್ತಿ ಕೇಳುವುದೂ ಇತ್ತು. 1733ರ ಕಾಯಿದೆಯ ಪ್ರಕಾರ ಆಕೆ ಹೆಸರು ಹೇಳಿದರೆ ಸಾಕು, ಆತನನ್ನು ಹಿಡಿದು ತರಬಹುದಿತ್ತು. ಆತ ಮಗುವಿನ ಖರ್ಚಿಗೆ ಜಾಮೀನು ಪತ್ರ ಬರೆದುಕೊಡಬೇಕು, ಇಲ್ಲವಾದರೆ ಸೆರೆಮನೆ. ಬಡವರ ಮೇಲ್ವಿಚಾರಕರು ಇವನ್ನೆಲ್ಲ ಚರ್ಚಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಿದ್ದರು. ವಂಶದ ಕೊಂಡಿ ಹುಡುಕುವವರಿಗೆ ಇಂದು ಆ ಪೆಟ್ಟಿಗೆಯಷ್ಟು ಉಪಯೋಗ ಬೇರಾವುದರಿಂದಲೂ ಇಲ್ಲ. ಅದರಲ್ಲಿರುವ ಸತ್ಯ ಕರುಣೆಯಿಂದ ಹುಟ್ಟಿದ್ದಲ್ಲ, ತೆರಿಗೆದಾರರ ಜಿಪುಣತನದಿಂದ ಹುಟ್ಟಿದ್ದು.

1834ರ ಬಡವರ ಕಾಯಿದೆ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಮಗುವಿನ ಹೊಣೆ ತಾಯಿಯದೇ ಎಂದಿತು. ಅದರ ಕ್ರೌರ್ಯಕ್ಕೆ ವಿರೋಧ ಬಂದು, 1844ರಲ್ಲಿ ತಾಯಿಯೇ ಸ್ಥಳೀಯ ನ್ಯಾಯಪೀಠಕ್ಕೆ ಅರ್ಜಿ ಹಾಕಿಕೊಳ್ಳಬಹುದು ಎಂದಾಯಿತು. ಗೆದ್ದರೆ ವಾರಕ್ಕೆ ಹೆಚ್ಚೆಂದರೆ ಎರಡೂವರೆ ಶಿಲಿಂಗ್. ಅದಕ್ಕೂ ಆಕೆಯ ಮಾತಷ್ಟೇ ಸಾಲದು, ಬೇರೆ ಸಾಕ್ಷಿ ಬೇಕು. ಮನೆಗೆಲಸದ ಹೆಣ್ಣೊಬ್ಬಳು ದೊಡ್ಡ ಮನೆಯ ಮೇಲೆ ಅರ್ಜಿ ಹಾಕಿ ಗೆಲ್ಲುವುದು ಎಷ್ಟರ ಮಾತು! ಊರಿನ ಪರವಾಗಿ ತಂದೆಯನ್ನು ಹುಡುಕುವವರು ಹೋದರು. ಅವರ ಜೊತೆಗೆ ಕಾಗದವೂ ಹೋಯಿತು. ಹೀಗಾಗಿ 1861ರ ಮಗುವಿನ ತಂದೆಯನ್ನು ಹುಡುಕುವುದು 1761ರ ಮಗುವಿನ ತಂದೆಯನ್ನು ಹುಡುಕುವುದಕ್ಕಿಂತ ಎಷ್ಟೋ ಸಲ ಕಷ್ಟ.

ಹಾಗಾದರೆ ಉಳಿಯುವುದು ಎಲಿಜಬೆತ್ ಆಗ ಎಲ್ಲಿದ್ದಳು ಎಂಬ ಪ್ರಶ್ನೆ. 1989ರಲ್ಲಿ ಜೆರೆಮಿ ವಿಲ್ಸನ್ ಬರೆದ ಅಧಿಕೃತ ಜೀವನಚರಿತ್ರೆ ಬರುವ ಹೊತ್ತಿಗೆ ಇದಕ್ಕೆ ಉತ್ತರ ಸಿಕ್ಕಿತ್ತು. ಎಲಿಜಬೆತ್ ಸಂಡರ್‌ಲ್ಯಾಂಡಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಮಗು ಹುಟ್ಟುವ ನಾಲ್ಕು ತಿಂಗಳ ಮೊದಲು ಆಕೆಯನ್ನು ಕೆಲಸದಿಂದ ತೆಗೆದರು. ಲೆಕ್ಕ ಹಾಕಿ ನೋಡಿ: ಆಗಸ್ಟ್ ಕೊನೆಯಲ್ಲಿ ಹುಟ್ಟಿದ ಮಗು ಹೊಟ್ಟೆಗೆ ಬಂದದ್ದು ಹಿಂದಿನ ಡಿಸೆಂಬರಿನ ಸುಮಾರಿಗೆ. ಏಪ್ರಿಲ್ ಕೊನೆಗೆ ಐದು ತಿಂಗಳು ಹತ್ತಿರ. ಏಪ್ರನ್ನಿನ ಹಿಂದೆ ಇನ್ನು ಮುಚ್ಚಿಡಲಾಗದ ತಿಂಗಳು ಅದು. ಆ ಮನೆಯ ಯಜಮಾನ ಲಾಯ್ಡ್ಸ್ ಸಂಸ್ಥೆಯ ಪರವಾಗಿ ಹಡಗುಗಳನ್ನು ಪರೀಕ್ಷಿಸುವ ಸರ್ವೇಯರ್. ಆತನ ಹೆಸರು ಥಾಮಸ್ ಲಾರೆನ್ಸ್. ಹಿರಿಯ ಮಗನ ಹೆಸರು ಜಾನ್. ಜಾನ್‌ನ ಕಸುಬು ಹಡಗು ಬಡಗಿಯದು.

ಈಗ ನೋಂದಣಿಯ ಸಾಲಿಗೆ ಹಿಂತಿರುಗಿ ನೋಡಬೇಕು. ಎಲಿಜಬೆತ್ ಪೂರ್ತಿ ಸುಳ್ಳು ಹೇಳಿರಲಿಕ್ಕಿಲ್ಲ. ಜಾನ್ ಎಂದಳು, ಹಡಗು ಬಡಗಿ ಎಂದಳು. ಅಡ್ಡಹೆಸರಿನ ಜಾಗದಲ್ಲಿ ಮಾತ್ರ ತನ್ನದನ್ನೇ ಇಟ್ಟಳು. ಮಗು ಅಕ್ರಮ ಎನಿಸಿಕೊಳ್ಳಲಿಲ್ಲ, ಲಾರೆನ್ಸ್ ಮನೆಯವರ ಮರ್ಯಾದೆಗೂ ಧಕ್ಕೆ ಬರಲಿಲ್ಲ. ಜೀವನಚರಿತ್ರೆಕಾರರ ಊಹೆ ಇದು, ನನಗೂ ಒಪ್ಪಿಗೆ.

ಊಹೆ ಎಂದೇ ಹೇಳಬೇಕು. ವಾದಕ್ಕೆ ಪ್ರತಿವಾದ ಇದ್ದೇ ಇದೆ. ವಿಯರ್ ನದಿಯ ದಡದ ಆ ಊರು ಹಡಗು ಕಟ್ಟಿಯೇ ಬದುಕುತ್ತಿದ್ದದ್ದು. ಬೀದಿಗೊಬ್ಬ ಹಡಗು ಬಡಗಿ ಇದ್ದ, ಅವರಲ್ಲಿ ಜಾನ್‌ಗಳಿಗೆ ಬರವಿರಲಿಲ್ಲ. ಕೆಲಸದ ಹುಡುಗಿ ಬಸುರಾದರೆ ಮನೆಯ ಮಗನನ್ನೇ ಗುರಿ ಮಾಡುವುದು ಕಾದಂಬರಿ ಓದಿ ಬಂದ ಚಾಳಿಯೂ ಇರಬಹುದು. ಇಷ್ಟರ ಮೇಲೆ ತೀರ್ಪು ಕೊಡಿ ಎಂದರೆ ಯಾವ ನ್ಯಾಯಪೀಠವೂ ಕೊಡುತ್ತಿರಲಿಲ್ಲ. ಆದರೂ ಹೆಸರು, ಕಸುಬು, ಕೆಲಸ ಬಿಡಿಸಿದ ತಿಂಗಳು ಮೂರೂ ಒಂದೇ ಮನೆಯ ಕಡೆ ಬೆರಳು ತೋರಿಸುತ್ತವೆ. ನಾಲ್ಕನೆಯದೊಂದೂ ಇದೆ. ಅದು ಬರುವುದು ಬಹಳ ವರ್ಷಗಳ ನಂತರ, ಸಾರಾಳ ಕಡೆಯಿಂದ.

ಕುಡಿತಕ್ಕೆ ಬಿದ್ದ ಎಲಿಜಬೆತ್ ಸತ್ತಾಗ ಸಾರಾ ಇನ್ನೂ ಸಣ್ಣ ಹುಡುಗಿ. ಸ್ಕಾಟ್ಲೆಂಡಿನ ನೆಂಟರ ಮನೆಯಲ್ಲಿ, ಪಾದ್ರಿಯೊಬ್ಬರ ಕಟ್ಟುನಿಟ್ಟಿನಲ್ಲಿ ಬೆಳೆದಳು. ತಾಯಿ ಆಕೆಗೆ ಏನು ಹೇಳಿದ್ದಳೋ. ಆದರೆ ಚಾಪ್‌ಮನ್ ಜೊತೆ ಹೊಸ ಸಂಸಾರಕ್ಕೆ ಹೊಸ ಅಡ್ಡಹೆಸರು ಬೇಕಾದಾಗ, ಲೋಕದಲ್ಲಿರುವ ಸಾವಿರಾರು ಹೆಸರುಗಳ ನಡುವೆ ಅವರು ಹಿಡಿದದ್ದು ಲಾರೆನ್ಸ್ ಎಂಬುದನ್ನು. ಚಾಪ್‌ಮನ್‌ನ ಮೊದಲ ಹೆಸರು ಥಾಮಸ್ ಆಗಿದ್ದರಿಂದ, ಸಂಡರ್‌ಲ್ಯಾಂಡಿನ ಸರ್ವೇಯರನ ಪೂರ್ತಿ ಹೆಸರೇ ಆಕ್ಸ್‌ಫರ್ಡಿನ ಆ ಮನೆಯ ಯಜಮಾನನಿಗೂ ಬಂತು. ಅದರ ಮೊದಲರ್ಧ ಖಂಡಿತ ಆಕಸ್ಮಿಕ. ಎರಡನೆಯ ಅರ್ಧ ಆಕಸ್ಮಿಕ ಎಂದು ನಂಬುವುದು ನನಗೆ ಕಷ್ಟ.

ಲಾರೆನ್ಸ್ ಎಂಬುದು ತಂದೆಯ ಕುಲದ ಹೆಸರಲ್ಲ ಎಂದು ಮಗನಿಗೆ ಗೊತ್ತಿತ್ತು. 1922ರಲ್ಲಿ ವಾಯುಪಡೆ ಸೇರಿದಾಗ ಆತ ರಾಸ್ ಆದ, ಮರುವರ್ಷ ಶಾ ಆದ. 1927ರಲ್ಲಿ, ತಾನು ಸಾಮಾನ್ಯ ಸೈನಿಕನಾಗಿ ಕರಾಚಿಯಲ್ಲಿದ್ದಾಗ, ಕಾನೂನುಬದ್ಧವಾಗಿಯೂ ಶಾ ಎಂದು ಬದಲಾಯಿಸಿಕೊಂಡ. ಅದೇ ವರ್ಷ ಅಲ್ಲಿಂದಲೇ ಗೆಳತಿ ಶಾರ್ಲಟ್ ಶಾಗೆ ತನ್ನ ತಂದೆತಾಯಿಯ ಕತೆಯನ್ನು ಬಿಚ್ಚಿ ಬರೆದ. ಆತ ಬಿಟ್ಟುಕೊಟ್ಟ ಹೆಸರಿನ ಮೇಲೆ ಅಪ್ಪನ ಕಡೆಯಿಂದ ಅವನಿಗೆ ಹಕ್ಕಿರಲಿಲ್ಲ. ಅಮ್ಮನ ಕಡೆಯಿಂದ, ಸಂಡರ್‌ಲ್ಯಾಂಡಿನ ಊಹೆ ನಿಜವಾದರೆ, ಇತ್ತು.