ಯೋನಿಮಾರ್ಗದ ಸೂಕ್ಷ್ಮಜೀವಿ ಸಮುದಾಯ ಮತ್ತು ಪ್ರೋಬಯಾಟಿಕ್ ಚಿಕಿತ್ಸೆ

ಸ್ತ್ರೀಯರ ಆರೋಗ್ಯಕ್ಕೆ ಸಂಬಂಧಿಸಿದ ಕೆಲವು ವಿಷಯಗಳನ್ನು ತರಗತಿಯಲ್ಲಿ ಸಂಕೋಚದಿಂದ ಬಿಟ್ಟುಬಿಡುವುದು ವಾಡಿಕೆಯಾಗಿದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂಬ ವ್ಯಾಧಿ ಅಂಥವುಗಳಲ್ಲಿ ಒಂದು. ಆದರೆ ಇದು ವಿರಳವಾದುದಲ್ಲ. ೨೦೦೮ರಲ್ಲಿ ಪ್ರಕಟವಾದ ಮೈಸೂರಿನ ಅಧ್ಯಯನವೊಂದರಲ್ಲಿ, ೧೫ರಿಂದ ೩೦ ವರ್ಷ ವಯಸ್ಸಿನ ೮೯೮ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು ೧೯ ಮಂದಿಯಲ್ಲಿ ಇದು ಕಂಡುಬಂದಿತು. ಜನಸಾಮಾನ್ಯರು 'ಬಿಳಿ ಸೆರಗು' ಎಂಬ ಒಂದೇ ಹೆಸರಿನಲ್ಲಿ ಇದನ್ನೂ ಬೇರೆ ತೊಂದರೆಗಳನ್ನೂ ಸೇರಿಸಿ ಹೇಳುತ್ತಾರೆ. ಮೊಸರಿನಿಂದಲೋ ಅಂಗಡಿಯಲ್ಲಿ ದೊರೆಯುವ 'ಪ್ರೋಬಯಾಟಿಕ್' ಗುಳಿಗೆಗಳಿಂದಲೋ ಇದು ವಾಸಿಯಾಗುವುದೆಂಬ ಮಾತೂ ಈಚೆಗೆ ಪ್ರಚಾರದಲ್ಲಿದೆ. ಆ ಮಾತಿನಲ್ಲಿ ಸತ್ಯಾಂಶ ಎಷ್ಟೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದಕ್ಕೆ ಮೊದಲು ಆರೋಗ್ಯಸ್ಥಿತಿ ಎಂದರೇನು, ಅದು ಕೆಡುವುದು ಹೇಗೆ ಎಂಬುದನ್ನು ತಿಳಿಯಬೇಕು.

ಯೋನಿಮಾರ್ಗದಲ್ಲಿ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ವಾಸಿಸುತ್ತವೆ. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ ೧೮೯೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆರೋಗ್ಯವಂತ ಸ್ತ್ರೀಯರ ಯೋನಿಸ್ರಾವದಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳಿರುವುದನ್ನೂ ಅವು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವುದನ್ನೂ ವಿವರಿಸಿದನು. ಇವುಗಳನ್ನೇ ನಾವು ಇಂದು ಲ್ಯಾಕ್ಟೊಬ್ಯಾಸಿಲಸ್ ಎಂದು ಕರೆಯುತ್ತೇವೆ. ಈಸ್ಟ್ರೊಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದ ಕೋಶಗಳಲ್ಲಿ ಗ್ಲೈಕೊಜನ್ ಶೇಖರವಾಗುತ್ತದೆ. ಕೋಶಗಳು ಉದುರಿದಾಗ ಹೊರಬರುವ ಗ್ಲೈಕೊಜನ್ ಕಿಣ್ವಗಳಿಂದ ಒಡೆದು ಸಣ್ಣ ಸಕ್ಕರೆಗಳಾಗುತ್ತದೆ. ಅವುಗಳನ್ನು ಉಂಡು ಲ್ಯಾಕ್ಟೊಬ್ಯಾಸಿಲಸ್ ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತದೆ. ಇದರಿಂದ ಪಿಎಚ್ ಮೌಲ್ಯ ಸಾಮಾನ್ಯವಾಗಿ ೪.೫ಕ್ಕಿಂತ ಕೆಳಗಿರುತ್ತದೆ. ಇಂಥ ಆಮ್ಲೀಯ ಪರಿಸರದಲ್ಲಿ ಅನ್ಯ ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯಲಾರವು. ಆಶ್ರಯ ಕೊಟ್ಟ ದೇಹಕ್ಕೆ ಆಶ್ರಿತ ಜೀವಿ ಕಾವಲಾಗಿರುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಈ ಏರ್ಪಾಡು ಕುಸಿದುಬಿದ್ದ ಸ್ಥಿತಿಯೇ ಬ್ಯಾಕ್ಟೀರಿಯಲ್ ವಜೈನೋಸಿಸ್. ಲ್ಯಾಕ್ಟೊಬ್ಯಾಸಿಲಸ್‌ಗಳು ವಿರಳವಾಗಿ, ಆಮ್ಲಜನಕವಿಲ್ಲದೆ ಬದುಕಬಲ್ಲ ಗಾರ್ಡ್ನರೆಲ್ಲಾ, ಪ್ರೆವೊಟೆಲ್ಲಾ ಮೊದಲಾದ ಅನೇಕ ಜಾತಿಗಳು ಅಪಾರ ಸಂಖ್ಯೆಯಲ್ಲಿ ಆ ಸ್ಥಾನವನ್ನು ಆಕ್ರಮಿಸುತ್ತವೆ. ಉರಿಯೂತದ ಲಕ್ಷಣಗಳು ಪ್ರಬಲವಾಗಿ ಕಾಣದಿರುವುದರಿಂದಲೇ ಇದಕ್ಕೆ 'ವಜೈನೈಟಿಸ್' ಎನ್ನದೆ 'ವಜೈನೋಸಿಸ್' ಎಂಬ ಹೆಸರು ಬಂದಿತು. ರೋಗನಿರ್ಣಯಕ್ಕೆ ೧೯೮೩ರಲ್ಲಿ ಆಮ್ಸೆಲ್ ಮತ್ತು ಸಂಗಡಿಗರು ಸೂಚಿಸಿದ ನಾಲ್ಕು ಲಕ್ಷಣಗಳು ಇಂದಿಗೂ ಬಳಕೆಯಲ್ಲಿವೆ: ತೆಳುವಾದ ಏಕರೂಪದ ಸ್ರಾವ, ೪.೫ಕ್ಕಿಂತ ಹೆಚ್ಚಿನ ಪಿಎಚ್; ಸ್ರಾವಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿದಾಗ ಹೊರಡುವ ಮೀನಿನಂಥ ವಾಸನೆ; ಮತ್ತು ಅಂಚು ಕಾಣದಂತೆ ಬ್ಯಾಕ್ಟೀರಿಯಾ ಮುತ್ತಿದ ಒಳಪದರದ ಕೋಶಗಳು. ಈ ನಾಲ್ಕರಲ್ಲಿ ಮೂರಿದ್ದರೆ ರೋಗ ನಿಶ್ಚಿತವೆಂದು ತಿಳಿಯುತ್ತಾರೆ. ಅನೇಕರಿಗೆ ಯಾವ ತೊಂದರೆಯೂ ತೋರದಿರುವುದುಂಟು. ಆದರೆ ಈ ಸ್ಥಿತಿಯುಳ್ಳವರಲ್ಲಿ ಅಕಾಲ ಪ್ರಸವವೂ ಎಚ್‌ಐವಿ ಸೋಂಕು ತಗಲುವ ಸಂಭವವೂ ಹೆಚ್ಚೆಂದು ಕಂಡುಬಂದಿರುವುದರಿಂದ ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ.

ಇದಕ್ಕೆ ಒಂದೇ ಒಂದು ರೋಗಾಣು ಕಾರಣವೇ? ಅಮೆರಿಕದ ಗಾರ್ಡ್ನರ್ ಮತ್ತು ಡ್ಯೂಕ್ಸ್ ೧೯೫೫ರಲ್ಲಿ ಹಾಗೆಂದೇ ಭಾವಿಸಿದರು. ಅವರು ಕಂಡ ಬ್ಯಾಕ್ಟೀರಿಯಕ್ಕೇ ಮುಂದೆ ಗಾರ್ಡ್ನರೆಲ್ಲಾ ಎಂಬ ಹೆಸರಾಯಿತು. ಆದರೆ ಅವರ ಪ್ರಯೋಗದ ಫಲ ಬೇರೆಯೇ ಕಥೆಯನ್ನು ಹೇಳಿತು. ಆ ಬ್ಯಾಕ್ಟೀರಿಯದ ಶುದ್ಧ ಕೃಷಿಯನ್ನು ೧೩ ಮಂದಿ ಆರೋಗ್ಯವಂತ ಸ್ತ್ರೀಯರಲ್ಲಿ ಇರಿಸಿದಾಗ ರೋಗ ತಲೆದೋರಿದುದು ಒಬ್ಬಳಲ್ಲಿ ಮಾತ್ರ. ರೋಗಿಗಳ ಸ್ರಾವವನ್ನೇ ನೇರವಾಗಿ ೧೫ ಮಂದಿಯಲ್ಲಿ ಇರಿಸಿದಾಗ ೧೧ ಮಂದಿಗೆ ರೋಗ ತಗಲಿತು. ಇಂಥ ಪ್ರಯೋಗವನ್ನು ಇಂದಿನ ವೈದ್ಯನೀತಿ ಒಪ್ಪದು. ಆದರೂ ಅದರಿಂದ ದೊರೆತ ಪಾಠ ಮುಖ್ಯವಾದುದು: ಇಲ್ಲಿ ಎಣಿಸಬೇಕಾದುದು ಒಂದು ಜೀವಿಯನ್ನಲ್ಲ, ಒಂದು ಸಮುದಾಯವನ್ನು.

ಆರೋಗ್ಯವಂತರ ಸಮುದಾಯವೂ ಎಲ್ಲರಲ್ಲಿ ಒಂದೇ ತೆರನಲ್ಲ. ರಾವೆಲ್ ಮತ್ತು ಸಂಗಡಿಗರು ೨೦೧೧ರಲ್ಲಿ, ಯಾವ ತೊಂದರೆಯೂ ಇಲ್ಲದ ೩೯೬ ಮಂದಿ ಅಮೆರಿಕದ ಸ್ತ್ರೀಯರನ್ನು ಪರೀಕ್ಷಿಸಿ ಐದು ಬಗೆಯ ಸಮುದಾಯಗಳನ್ನು ಗುರುತಿಸಿದರು. ನಾಲ್ಕರಲ್ಲಿ ಲ್ಯಾಕ್ಟೊಬ್ಯಾಸಿಲಸ್‌ನ ಒಂದೊಂದು ಜಾತಿ ಪ್ರಧಾನವಾಗಿತ್ತು: ಕ್ರಿಸ್ಪೇಟಸ್, ಗ್ಯಾಸೆರಿ, ಐನರ್ಸ್ ಮತ್ತು ಜೆನ್ಸೆನಿ. ಐದನೆಯದರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕಡಮೆಯಾಗಿ ಅನೇಕ ಜಾತಿಗಳು ಬೆರೆತಿದ್ದವು. ಇವುಗಳಲ್ಲಿ ಕ್ರಿಸ್ಪೇಟಸ್ ಪ್ರಧಾನವಾದ ಸಮುದಾಯ ಹೆಚ್ಚು ಸ್ಥಿರ. ಐನರ್ಸ್ ಪ್ರಧಾನವಾದುದು ಸುಲಭವಾಗಿ ರೋಗಸ್ಥಿತಿಯ ಕಡೆಗೆ ಜಾರುತ್ತದೆ. ಆದುದರಿಂದ 'ಲ್ಯಾಕ್ಟೊಬ್ಯಾಸಿಲಸ್ ಇದ್ದರೆ ಸಾಕು' ಎಂದು ಹೇಳಲಾಗದು. ಯಾವ ಜಾತಿ ಎಂಬುದನ್ನು ಕೇಳಲೇಬೇಕು.

ಚಿಕಿತ್ಸೆಯ ತೊಡಕು ಆರಂಭವಾಗುವುದು ಇಲ್ಲಿಯೇ. ಮೆಟ್ರೊನಿಡಜೋಲ್ ಅಥವಾ ಕ್ಲಿಂಡಮೈಸಿನ್ ಔಷಧವನ್ನು ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಬಹುಮಂದಿಗೆ ಶೀಘ್ರವಾಗಿ ಗುಣ ಕಾಣುತ್ತದೆ. ಆದರೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆಟ್ರೊನಿಡಜೋಲ್ ತೆಗೆದುಕೊಂಡವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ರೋಗ ಮರುಕಳಿಸಿತು. ಗಾರ್ಡ್ನರೆಲ್ಲಾ ಮೊದಲಾದವು ಒಳಪದರಕ್ಕೆ ಅಂಟಿಕೊಂಡು ಲೋಳೆಯಂಥ ಒಂದು ಹೊದಿಕೆಯನ್ನು ಕಟ್ಟಿಕೊಳ್ಳುವುದೂ ಔಷಧಕ್ಕೆ ಅದು ಪೂರ್ಣವಾಗಿ ಕರಗದಿರುವುದೂ ಇದಕ್ಕೆ ಒಂದು ಕಾರಣ. ಮತ್ತೊಂದು ಕಾರಣ, ತೆರವಾದ ನೆಲೆಗೆ ಕ್ರಿಸ್ಪೇಟಸ್ ತಾನಾಗಿ ಮರಳಿ ಬಾರದಿರುವುದು. ಕಳೆ ಕಿತ್ತ ಹೊಲದಲ್ಲಿ ಬೀಜ ಬಿತ್ತದಿದ್ದರೆ ಕಳೆಯೇ ಮತ್ತೆ ಏಳುವುದೆಂಬುದು ರೈತರಿಗೆ ತಿಳಿದ ಮಾತು. ಕಳೆ ಕೀಳುವ ಕೆಲಸವನ್ನು ಔಷಧ ಮಾಡುತ್ತದೆ. ಬಿತ್ತುವ ಕೆಲಸ ಉಳಿದುಕೊಳ್ಳುತ್ತದೆ.

ಈ ರೋಗದಲ್ಲಿ ಪ್ರೋಬಯಾಟಿಕ್ ಬಳಸುವ ವಿಚಾರ ಹುಟ್ಟಿದುದು ಈ ಕೊರತೆಯನ್ನು ತುಂಬಲೆಂದೇ. ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಜೀವಂತ ಸೂಕ್ಷ್ಮಜೀವಿಗಳಿಗೆ ಈ ಹೆಸರು ಸಲ್ಲುತ್ತದೆ. ಮೊಸರಿನಲ್ಲಿಯೂ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿವೆಯಲ್ಲವೆ, ಅವು ಏಕೆ ಸಾಲವು ಎಂದು ವಾಚಕರು ಕೇಳಬಹುದು. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿಗೂ ಹಾಲಿನ ಸಕ್ಕರೆಗೂ ಒಗ್ಗಿದಂಥವು. ಯೋನಿಯ ಒಳಪದರ ಅವುಗಳ ನೆಲೆಯಲ್ಲ. ಊಟದಲ್ಲಿ ಮೊಸರು ಉತ್ತಮವಾದ ಪದಾರ್ಥವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಈ ರೋಗಕ್ಕೆ ಔಷಧವಲ್ಲ, ಅದನ್ನು ಒಳಗೆ ಹಚ್ಚಿಕೊಳ್ಳುವುದಂತೂ ಸರ್ವಥಾ ಸಲ್ಲದು. ಬಾಯಿಯ ಮೂಲಕ ಸೇವಿಸುವ ರಾಮ್ನೋಸಸ್, ರಾಯ್ಟೆರಿ ಮುಂತಾದ ಜಾತಿಗಳ ಗುಳಿಗೆಗಳ ಮೇಲೆ ಹಲವು ಪರೀಕ್ಷೆಗಳು ನಡೆದಿವೆಯಾದರೂ ಫಲಿತಾಂಶಗಳು ಪರಸ್ಪರ ಹೊಂದುವುದಿಲ್ಲ. ಪೇಟೆಯಲ್ಲಿ ದೊರೆಯುವ ಯಾವ ಲ್ಯಾಕ್ಟೊಬ್ಯಾಸಿಲಸ್ ತಯಾರಿಕೆಯನ್ನೂ ಈ ರೋಗದ ಚಿಕಿತ್ಸೆಗೆ ಸಮರ್ಥಿಸುವ ಅಧ್ಯಯನಗಳಿಲ್ಲವೆಂದು ಅಮೆರಿಕ ಸರ್ಕಾರದ ರೋಗನಿಯಂತ್ರಣ ಸಂಸ್ಥೆ ತನ್ನ ೨೦೨೧ರ ಮಾರ್ಗಸೂಚಿಯಲ್ಲಿ ಹೇಳಿತು.

ಹಾಗಾದರೆ ಈ ವಿಚಾರವೇ ನಿಷ್ಫಲವೇ? ಅಲ್ಲ. ಯೋನಿಮಾರ್ಗದಿಂದಲೇ ಪ್ರತ್ಯೇಕಿಸಿದ ಕ್ರಿಸ್ಪೇಟಸ್ ಜಾತಿಯ ಒಂದು ತಳಿಯ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆ ೨೦೨೦ರಲ್ಲಿ ಪ್ರಕಟವಾಯಿತು. ಆ ತಳಿಯ ಹೆಸರು ಸಿಟಿವಿ-೦೫. ೨೨೮ ಮಂದಿ ಸ್ತ್ರೀಯರಿಗೆ ಮೊದಲು ಮೆಟ್ರೊನಿಡಜೋಲ್ ಲೇಪ ಕೊಟ್ಟು, ಬಳಿಕ ೧೫೨ ಮಂದಿಗೆ ಈ ತಳಿಯ ಪುಡಿಯನ್ನೂ ೭೬ ಮಂದಿಗೆ ಬ್ಯಾಕ್ಟೀರಿಯವಿಲ್ಲದ ಹುಸಿಪುಡಿಯನ್ನೂ ಯೋನಿಮಾರ್ಗದಲ್ಲಿಯೇ ಹನ್ನೊಂದು ವಾರಗಳ ಕಾಲ ಕೊಡಲಾಯಿತು. ಹನ್ನೆರಡನೆಯ ವಾರದ ಹೊತ್ತಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ ೩೦, ಎರಡನೆಯದರಲ್ಲಿ ನೂರಕ್ಕೆ ೪೫ ಮಂದಿಗೆ ರೋಗ ಮರುಕಳಿಸಿತು. ಈ ಅಂಕಿಗಳನ್ನು ವಿದ್ಯಾರ್ಥಿಗಳು ಎರಡು ಕಡೆಯಿಂದಲೂ ಓದಬೇಕು. ಸುಮಾರು ಏಳು ಮಂದಿಗೆ ಚಿಕಿತ್ಸೆ ಕೊಟ್ಟರೆ ಒಬ್ಬಳಿಗೆ ಮರುಕಳಿಕೆ ತಪ್ಪುತ್ತದೆಂಬುದು ಒಂದು ಅರ್ಥ; ಚಿಕಿತ್ಸೆ ಪಡೆದ ಹತ್ತರಲ್ಲಿ ಮೂವರಿಗೆ ರೋಗ ಮತ್ತೆ ಬಂದಿತೆಂಬುದು ಇನ್ನೊಂದು. ಇಲ್ಲಿ ಗುಣ ಕಂಡುದು 'ಒಳ್ಳೆಯ ಬ್ಯಾಕ್ಟೀರಿಯ' ಎಂಬ ಸಾಮಾನ್ಯ ವಸ್ತುವಿನಿಂದಲ್ಲ. ಗೊತ್ತಾದ ತಳಿಯನ್ನು, ಗೊತ್ತಾದ ಸ್ಥಳದಲ್ಲಿ, ಔಷಧದ ತರುವಾಯ, ಗೊತ್ತಾದ ಅವಧಿಯವರೆಗೆ ಕೊಟ್ಟುದರಿಂದ.

ಬಿತ್ತಿದ ಮೇಲೆಯೂ ಹೊರಗಿನಿಂದ ಕಳೆಬೀಜ ಬಂದು ಬೀಳುವುದಾದರೆ ಶ್ರಮವೆಲ್ಲ ವ್ಯರ್ಥ. ಆಸ್ಟ್ರೇಲಿಯದಲ್ಲಿ ೧೬೪ ದಂಪತಿಗಳ ಮೇಲೆ ನಡೆದು ೨೦೨೫ರಲ್ಲಿ ಪ್ರಕಟವಾದ ಪರೀಕ್ಷೆ ಈ ಅಂಶವನ್ನು ಸ್ಪಷ್ಟಪಡಿಸಿತು. ಸ್ತ್ರೀಗೆ ಮಾತ್ರ ಚಿಕಿತ್ಸೆ ಕೊಟ್ಟಾಗ ಹನ್ನೆರಡು ವಾರಗಳಲ್ಲಿ ನೂರಕ್ಕೆ ೬೩ ಮಂದಿಗೆ ರೋಗ ಮರುಕಳಿಸಿತು; ಪುರುಷನಿಗೂ ಮೆಟ್ರೊನಿಡಜೋಲ್ ಮಾತ್ರೆ ಮತ್ತು ಕ್ಲಿಂಡಮೈಸಿನ್ ಲೇಪಗಳನ್ನು ಏಳು ದಿನ ಕೊಟ್ಟಾಗ ಈ ಸಂಖ್ಯೆ ೩೫ಕ್ಕೆ ಇಳಿಯಿತು. ಬಹುಕಾಲ ಹೆಣ್ಣೊಬ್ಬಳ ದೋಷವೆಂದೇ ಎಣಿಸಿದ್ದ ವ್ಯಾಧಿಯಲ್ಲಿ ಗಂಡಿನ ಪಾಲೂ ಇದೆಯೆಂಬುದು ಇದರಿಂದ ಸಿದ್ಧವಾಯಿತು.

ಈ ವಿಚಾರಗಳಿಂದ ವ್ಯವಹಾರಕ್ಕೆ ಒದಗುವ ಮಾತುಗಳು ಕೆಲವಿವೆ. ವಾಸನೆಯುಳ್ಳ ಸ್ರಾವ ಕೊಳಕುತನದ ಗುರುತಲ್ಲ. ಹಾಗೆಂದು ತಿಳಿದು ಸೋಪು, ಸುಗಂಧದ್ರವ್ಯ ಅಥವಾ ನೀರಿನ ಧಾರೆಯಿಂದ ಒಳಭಾಗವನ್ನು ತೊಳೆಯುವುದು ಕಾವಲಿಗಿದ್ದ ಜೀವಿಗಳನ್ನೇ ಹೊರದೂಡಿದಂತೆ. ತುರಿಕೆಯೊಡನೆ ಗಟ್ಟಿಯಾದ ಸ್ರಾವ ಬರುವ ಶಿಲೀಂಧ್ರದ ಸೋಂಕು ಬೇರೆ. ಅದರ ಔಷಧವೂ ಬೇರೆ. ಆದುದರಿಂದ ಪರೀಕ್ಷೆಯಿಲ್ಲದೆ ಗುಳಿಗೆ ಕೊಳ್ಳುವುದು ಯುಕ್ತವಲ್ಲ. ಪ್ರೋಬಯಾಟಿಕ್ ಎಂಬ ಹೆಸರಿನ ಪೊಟ್ಟಣವನ್ನು ಕಂಡಾಗ ಕೇಳಬೇಕಾದ ಪ್ರಶ್ನೆಗಳು ಇವು: ಯಾವ ತಳಿ, ಎಷ್ಟು ಪ್ರಮಾಣ, ಯಾವ ಮಾರ್ಗ, ಯಾರ ಮೇಲೆ ಪರೀಕ್ಷಿಸಿದುದು? ಇವಕ್ಕೆ ಉತ್ತರವಿಲ್ಲದಿದ್ದರೆ ಹಣವನ್ನು ಉಳಿಸಿಕೊಳ್ಳುವುದೇ ಲೇಸು.

ಅಧ್ಯಾಪಕರು ಈ ವಿಷಯವನ್ನು ಜೀವಶಾಸ್ತ್ರದ ಪಾಠದಲ್ಲಿ ನಿಸ್ಸಂಕೋಚವಾಗಿ ಎತ್ತಿಕೊಳ್ಳಬಹುದೆಂದು ನಾವು ಭಾವಿಸುತ್ತೇವೆ. ಪಿಎಚ್, ಹುದುಗುವಿಕೆ, ಜೀವಿಗಳ ಪರಸ್ಪರ ಸ್ಪರ್ಧೆ, ಅಂಕಿಅಂಶಗಳ ವಾಚನ ಇವೆಲ್ಲವೂ ಇಲ್ಲಿ ಒಟ್ಟಿಗೆ ಸೇರಿವೆ. ತರಗತಿಯಲ್ಲಿ ಕುಳಿತ ಯಾವಳೋ ಒಬ್ಬ ವಿದ್ಯಾರ್ಥಿನಿ ತನ್ನ ತೊಂದರೆಯನ್ನು ಯಾರಿಗೂ ಹೇಳಲಾರದೆ ಇದ್ದಿರಬಹುದು. ಅದಕ್ಕೊಂದು ಹೆಸರೂ ಕಾರಣವೂ ಚಿಕಿತ್ಸೆಯೂ ಉಂಟೆಂದು ಆ ಪಾಠದಿಂದ ಅವಳಿಗೆ ತಿಳಿದರೆ ಅದು ಅಲ್ಪ ಪ್ರಯೋಜನವಲ್ಲ.