ಬಣಕಲ್ಲಿನ ಅಂಗಡಿಗೆ ಬೆಂಗಳೂರಿನ ಕಣ್ಣು

ದೂರದಲ್ಲಿ ಕುಳಿತು ಕ್ಯಾಮೆರಾದ ಮೂಲಕ ಒಂದು ವಸ್ತುವಿನ ಮೇಲೆ ಕಣ್ಣಿಡುವ ವಿದ್ಯೆ ಅಂತರ್ಜಾಲಕ್ಕೆ ಬಂದದ್ದು ಕಾಫಿಯ ದೆಸೆಯಿಂದ ಎಂದರೆ ಮಲೆನಾಡಿನ ಓದುಗರಿಗೆ ಸಂತೋಷವಾದೀತು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಕಯಂತ್ರ ಪ್ರಯೋಗಾಲಯದಲ್ಲಿ ಒಂದು ತೊಂದರೆಯಿತ್ತು. ಕಾಫಿಯ ಪಾತ್ರೆ ಇದ್ದುದು ಒಂದು ಕೋಣೆಯಲ್ಲಿ. ಕುಡಿಯುವವರಲ್ಲಿ ಕೆಲವರು ಇದ್ದುದು ಕಟ್ಟಡದ ಬೇರೆ ಮೂಲೆಗಳಲ್ಲಿ. ಮೆಟ್ಟಿಲಿಳಿದು ಬರುವಷ್ಟರಲ್ಲಿ ಪಾತ್ರೆ ಬರಿದಾಗಿರುತ್ತಿತ್ತು. ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬಿಬ್ಬರು ಪಾತ್ರೆಯ ಎದುರಿಗೆ ಒಂದು ಕ್ಯಾಮೆರಾ ನಿಲ್ಲಿಸಿ, ನಿಮಿಷಕ್ಕೆ ಸುಮಾರು ಮೂರರಂತೆ ಅದರ ಚಿತ್ರ ಎಲ್ಲರ ಮೇಜಿಗೂ ತಲುಪುವಂತೆ ಮಾಡಿದರು. 1993ರ ನವೆಂಬರಿನಲ್ಲಿ ಆ ಚಿತ್ರ ಅಂತರ್ಜಾಲವನ್ನೇರಿತು. 2001ರ ಆಗಸ್ಟ್ 22ರಂದು ಆ ಕಣ್ಣು ಮುಚ್ಚಿತು. ಪಾತ್ರೆಯಲ್ಲಿ ಕಾಫಿ ಎಷ್ಟಿದೆಯೆಂಬುದನ್ನು ಜಗತ್ತೆಲ್ಲ ನೋಡಿದರೂ ಯಾರಿಗೂ ನಷ್ಟವಿರಲಿಲ್ಲ. ಬಣಕಲ್ಲಿನ ಅಂಗಡಿಯ ಮಾತು ಹಾಗಲ್ಲ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಈ ಊರಿನಲ್ಲಿ ಒಂದು ಸಣ್ಣ ಅಂಗಡಿಯನ್ನು ಓದುಗರು ಊಹಿಸಿಕೊಳ್ಳಬಹುದು. ಮುಂದುಗಡೆ ದಿನಸಿ, ಹಿಂದಿನ ಕೋಣೆಯಲ್ಲಿ ಕಾಫಿಯ ಮತ್ತು ಕಾಳುಮೆಣಸಿನ ಮೂಟೆಗಳು. ಒಂದು ಮೂಟೆ ಮೆಣಸು ಹೋದರೆ ಅಂಗಡಿಯ ಹಲವು ದಿನಗಳ ಲಾಭವೇ ಹೋದಂತೆ. ಯಜಮಾನರು ಅರ್ಧ ದಿನ ತೋಟದಲ್ಲಿರುತ್ತಾರೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಚಾರ್ಮಾಡಿ ಘಟ್ಟವಿಳಿದು ಮಂಗಳೂರಿಗೆ ಹೋಗಬೇಕು. 2019ರ ಆಗಸ್ಟಿನಲ್ಲಿ ಆದಂತೆ ಘಟ್ಟ ಕುಸಿದರೆ ಅದೇ ದಾರಿಯಲ್ಲಿ ಅಂದೇ ಮರಳುವಂತಿಲ್ಲ. ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಅಂಗಡಿಗೆ ನಾಲ್ಕು ಕ್ಯಾಮೆರಾಗಳೂ ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆಯೂ ಬಂದಿವೆ. ಇನ್ನು ಅದನ್ನು ತಂದೆಯ ಮೊಬೈಲಿನಲ್ಲಿಯೂ ತನ್ನ ಮೊಬೈಲಿನಲ್ಲಿಯೂ ಕಾಣುವಂತೆ ಮಾಡಬೇಕೆಂದು ಮಗನ ಅಪೇಕ್ಷೆ.

ಇಲ್ಲಿಯ ತೊಡಕೇನೆಂಬುದು ಕಾಫಿ ತೋಟವನ್ನು ಬಲ್ಲವರಿಗೆ ಬೇಗ ತಿಳಿಯುತ್ತದೆ. ತೋಟದ ಲೈನ್ ಮನೆಗಳಿಗೆ ಪ್ರತ್ಯೇಕ ವಿಳಾಸವಿಲ್ಲ. ಕಾಗದಗಳೆಲ್ಲ ತೋಟದ ಹೆಸರಿಗೆ ಬರುತ್ತವೆ. ಯಾವ ಕಾಗದ ಯಾವ ಮನೆಗೆಂಬುದನ್ನು ಬಲ್ಲವನು ತೋಟದ ರೈಟರು. ಅಂಗಡಿಯಲ್ಲಿ ಆ ರೈಟರ ಕೆಲಸ ಮಾಡುವುದು ರೂಟರ್ ಎಂಬ ಪುಟ್ಟ ಯಂತ್ರ. ಹೊರಜಗತ್ತಿಗೆ ಕಾಣುವುದು ಅದರ ವಿಳಾಸವೊಂದೇ; ಡಿವಿಆರ್ ಒಳಗಿನ ಲೈನ್ ಮನೆ. ಹೊರಗಿನಿಂದ ಯಾರೋ ಬಂದು ಕರೆದರೆ, ಅಪ್ಪಣೆಯಿಲ್ಲದೆ ಈ ರೈಟರು ಒಳಗೆ ಬಿಡುವುದಿಲ್ಲ. ‘ಇಂಥ ಸಂಖ್ಯೆ ಹೇಳಿಕೊಂಡು ಬಂದವರನ್ನು ಮೂರನೆಯ ಮನೆಗೆ ಕಳುಹಿಸು’ ಎಂದು ಅದಕ್ಕೆ ಮೊದಲೇ ಹೇಳಿಡುವ ಕ್ರಮವೊಂದುಂಟು. ಪೋರ್ಟ್ ಫಾರ್ವರ್ಡಿಂಗ್ ಎಂದು ಅದರ ಹೆಸರು.

ಈ ಹಳೆಯ ಕ್ರಮ ಈಗ ಅನೇಕ ಕಡೆ ನಡೆಯುವುದಿಲ್ಲ. ಅಂತರ್ಜಾಲದ ಹಳೆಯ ಪದ್ಧತಿಯಲ್ಲಿರುವ ವಿಳಾಸಗಳು ಒಟ್ಟು ಸುಮಾರು 430 ಕೋಟಿ; 2011ರ ಫೆಬ್ರವರಿಯಲ್ಲಿ ಅವುಗಳ ಕೇಂದ್ರ ಭಂಡಾರ ಬರಿದಾಯಿತು. ಅಂದಿನಿಂದ ಸಂಪರ್ಕ ನೀಡುವ ಸಂಸ್ಥೆಗಳು ಒಂದೇ ವಿಳಾಸವನ್ನು ನೂರಾರು ಗಿರಾಕಿಗಳಿಗೆ ಹಂಚುವುದು ಹೆಚ್ಚಿತು. ಹತ್ತಾರು ತೋಟಗಳಿಗೆ ಒಂದೇ ಟಪ್ಪಾಲು ಚೀಲ ಬಂದಂತೆ! ಆಗ ಅಂಗಡಿಯ ರೈಟರಿಗೆ ಎಷ್ಟು ಅಪ್ಪಣೆ ಕೊಟ್ಟರೂ ಪ್ರಯೋಜನವಿಲ್ಲ. ಚೀಲ ಬಿಚ್ಚುವವನು ಬೇರೊಬ್ಬ. ಮೊಬೈಲ್ ಸಿಮ್ಮಿನ ಸಂಪರ್ಕದಲ್ಲಿ ಸಾಮಾನ್ಯವಾಗಿ ಇದೇ ಸ್ಥಿತಿ.

ಈ ಗಂಟನ್ನು ಬಿಡಿಸಲು ತಯಾರಕರು ಉಪಾಯವನ್ನೇ ತಿರುಗಿಸಿದರು. ಹೊರಗಿನವರು ಒಳಗೆ ಬರಲಾರರು. ಆದರೆ ಒಳಗಿನವನು ಹೊರಗೆ ಹೋಗಲು ಅಡ್ಡಿಯಿಲ್ಲವಷ್ಟೆ! ಡಿವಿಆರ್ ತಾನಾಗಿಯೇ ತಯಾರಕರ ಗಣಕಯಂತ್ರಕ್ಕೆ ಕರೆಮಾಡಿ, ‘ಇಲ್ಲಿದ್ದೇನೆ’ ಎಂದು ಕಾದಿರುತ್ತದೆ. ಮೊಬೈಲೂ ಅಲ್ಲಿಗೇ ಹೋಗಿ ವಿಚಾರಿಸುತ್ತದೆ. ಮಧ್ಯವರ್ತಿ ಇಬ್ಬರನ್ನೂ ಕೂಡಿಸುತ್ತಾನೆ. ಪೆಟ್ಟಿಗೆಯ ಮೇಲಿನ ಚೌಕುಳಿ ಚೌಕುಳಿಯ ಕ್ಯೂಆರ್ ಗುರುತನ್ನು ಮೊಬೈಲಿಗೆ ತೋರಿಸಿ, ಪಾಸ್‌ವರ್ಡ್ ಕೊಟ್ಟರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆ ಗುರುತನ್ನು ಗಲ್ಲದ ಎದುರಿಗೆ ಎಲ್ಲರಿಗೂ ಕಾಣುವಂತೆ ಬಿಡಬಾರದೆಂಬುದನ್ನು ಮಾತ್ರ ಅಳವಡಿಸಲು ಬಂದವರು ಸಾಮಾನ್ಯವಾಗಿ ಹೇಳುವುದಿಲ್ಲ.

ಲೆಕ್ಕದ ಮಾತೂ ಒಂದಿಷ್ಟು ಬೇಕು. ಸಾಧಾರಣ ಕ್ಯಾಮೆರಾವೊಂದು ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಗಿಗಾಬೈಟು, ನಾಲ್ಕಕ್ಕೆ 86. ಒಂದು ಟೆರಾಬೈಟಿನ ಡಿಸ್ಕು ಹನ್ನೊಂದು ದಿನಗಳಲ್ಲಿ ತುಂಬಿ, ಹಳೆಯದನ್ನು ಅಳಿಸಲಾರಂಭಿಸುತ್ತದೆ. ಹದಿನೈದು ದಿನ ಬಿಟ್ಟು ಮೂಟೆ ಎಣಿಸಿದವರಿಗೆ ಕಳ್ಳನ ಚಿತ್ರ ಉಳಿದಿರುವುದಿಲ್ಲ. ಇಷ್ಟನ್ನೂ ಮೊಬೈಲಿಗೆ ಕಳುಹಿಸುವುದು ಆಗದ ಮಾತು. ಆದ್ದರಿಂದ ಪೆಟ್ಟಿಗೆ ಚಿತ್ರದ ತೆಳುವಾದ ಎರಡನೆಯ ಪ್ರತಿಯೊಂದನ್ನು ಸಿದ್ಧಪಡಿಸುತ್ತದೆ. ಅರ್ಧ ಮೆಗಾಬಿಟ್‌ನಲ್ಲಿ ಒಂದು ಗಂಟೆ ನೋಡಿದರೆ ಸುಮಾರು 230 ಮೆಗಾಬೈಟು. ಇಲ್ಲಿ ಅಂಗಡಿ ಪಡೆಯುವುದಲ್ಲ, ಕಳುಹಿಸುವುದು. ಸಂಪರ್ಕ ಕೊಳ್ಳುವಾಗ ಕಳುಹಿಸುವ ವೇಗವೆಷ್ಟೆಂದು ಕೇಳಬೇಕು.

ತಾನು ನೋಡಲೆಂದು ತೆರೆದ ಬಾಗಿಲಿನಲ್ಲಿ ಮತ್ತಾರು ನೋಡುತ್ತಾರೆಂಬುದೇ ನಿಜವಾದ ಪ್ರಶ್ನೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಕ್ಯಾಮೆರಾಗಳ, ಡಿವಿಆರ್‌ಗಳ ಬಾಗಿಲು ತಟ್ಟುತ್ತ ಹೋಯಿತು. ಅದರ ಕೈಯಲ್ಲಿದ್ದುದು ಕಾರ್ಖಾನೆಯವರೇ ಹಾಕಿಕೊಟ್ಟ ಸುಮಾರು 60 ಹೆಸರು-ಪಾಸ್‌ವರ್ಡುಗಳ ಪಟ್ಟಿ, ಅಷ್ಟೆ. ಲಕ್ಷಾಂತರ ಯಂತ್ರಗಳು ಅದಕ್ಕೆ ವಶವಾದವು. ಆ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳೇ ಗಂಟೆಗಟ್ಟಲೆ ನಿಂತುಹೋದವು. ಅಂಗಡಿಗಳ ಪೆಟ್ಟಿಗೆಗಳು ಒಡೆಯರಿಗೆ ತಿಳಿಯದೆಯೇ ಆ ದಾಳಿಯ ಸೈನಿಕರಾಗಿದ್ದವು. ಅದಕ್ಕಿಂತ ಕ್ರೂರವಾದದ್ದು ನಡೆದದ್ದು ನಮ್ಮ ದೇಶದಲ್ಲಿಯೇ. ಗುಜರಾತಿನ ರಾಜಕೋಟದ ಒಂದು ಹೆರಿಗೆ ಆಸ್ಪತ್ರೆಯೊಳಗಿನ ಕ್ಯಾಮೆರಾದ ಚಿತ್ರಗಳು ಮಾರಾಟಕ್ಕೆ ಬಂದಿರುವುದು 2025ರ ಫೆಬ್ರವರಿಯಲ್ಲಿ ಬಯಲಾಯಿತು. ಚಿಕಿತ್ಸೆಗೆಂದು ಬಂದ ಹೆಣ್ಣುಮಕ್ಕಳ ಮಾನ ಹೀಗೆ ಬೀದಿಪಾಲಾಯಿತು. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, 2025ರ ಏಪ್ರಿಲ್‌ನಿಂದ ಮಾರಾಟದ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಅದಕ್ಕೆ ಮುಂಚೆ ಗೋಡೆಯೇರಿದ ಕ್ಯಾಮೆರಾಗಳ ಪಾಡನ್ನು ಒಡೆಯರೇ ನೋಡಿಕೊಳ್ಳಬೇಕು.

ಆದುದರಿಂದ ಬಣಕಲ್ಲಿನ ಮಗನಿಗೆ ಕ್ಯೂಆರ್ ಗುರುತಿಗಿಂತ ಮುಂಚಿನ ಕೆಲಸವೊಂದಿದೆ: ಕಾರ್ಖಾನೆಯ ಪಾಸ್‌ವರ್ಡನ್ನು ತೆಗೆದು ಉದ್ದನೆಯ ಬೇರೊಂದನ್ನು ಹಾಕುವುದು. ಅಳವಡಿಸಿದ ಹುಡುಗನಿಗೂ ಅದು ತಿಳಿದಿರಬಾರದು. ತಂದೆಗೆ ನೋಡಲು ಮಾತ್ರ ಅಧಿಕಾರವಿರುವ ಬೇರೆ ಖಾತೆ ಸಾಕು. ಮೊಬೈಲ್ ತೋಟದಲ್ಲಿ ಕಳೆದರೂ ಪೆಟ್ಟಿಗೆಯ ಬೀಗದ ಕೈ ಕಳೆಯುವುದಿಲ್ಲ. ಮಧ್ಯವರ್ತಿಯನ್ನು ನಂಬದವರು ವೈರ್‌ಗಾರ್ಡ್‌ನಂತಹ ಖಾಸಗಿ ಸುರಂಗ ತೋಡಿಕೊಳ್ಳಬಹುದು. ಅದಕ್ಕೆ ಸ್ವಲ್ಪ ಹೆಚ್ಚು ವಿದ್ಯೆ ಬೇಕು. ಕ್ಯಾಮೆರಾದ ದೃಷ್ಟಿ ಮೂಟೆ, ಗಲ್ಲ, ಬಾಗಿಲುಗಳಿಗೆ ಮೀಸಲಾಗಿರಲಿ. ಕೆಲಸದ ಹೆಂಗಸರು ಊಟಕ್ಕೆ ಕೂರುವ ಮೂಲೆಯನ್ನೂ ಎದುರು ಮನೆಯ ಕಿಟಕಿಯನ್ನೂ ನೋಡುವ ಹಕ್ಕು ಯಾವ ಅಂಗಡಿಗೂ ಇಲ್ಲ.

ಜೂನ್ ಬಂತೆಂದರೆ ಮಳೆಯೇ ಯಜಮಾನ. ಮರ ಬಿದ್ದು ತಂತಿ ಹರಿದು ಕರೆಂಟು ಹೋಗುತ್ತದೆ, ಜೊತೆಗೆ ಮೊಬೈಲಿನಲ್ಲಿದ್ದ ಅಂಗಡಿಯೂ. ಡಿವಿಆರ್‌ಗೆ ಯುಪಿಎಸ್ ಕೊಟ್ಟು ರೂಟರನ್ನು ಮರೆತ ಅಂಗಡಿಗಳು ಬಹಳ. ಗುಡುಗು-ಮಿಂಚಿನ ದಿನಗಳಲ್ಲಿ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಎರಡೂ ಸುಟ್ಟುಹೋದಾವು. ರಾತ್ರಿಯಲ್ಲಿ ಕ್ಯಾಮೆರಾ ಬೀರುವ, ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಮಂಜಿಗೆ ತಗುಲಿ ಹಿಂದಿರುಗುವುದರಿಂದ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಆ ಬೆಳಕಿಗೆ ಹುಳು, ಹುಳುವಿಗೆ ಜೇಡ, ಜೇಡದ ಬಲೆ ಮಸೂರಕ್ಕೆ! ವಾರಕ್ಕೊಮ್ಮೆ ಪೊರಕೆ ಹಿಡಿಯದೆ ಗತ್ಯಂತರವಿಲ್ಲ.

ಸಂಪರ್ಕ ಕಡಿದ ರಾತ್ರಿ ಕಳ್ಳ ಬಂದರೆ ಉಳಿಯುವ ಸಾಕ್ಷಿ ಡಿವಿಆರ್ ಒಂದೇ. ಅದನ್ನು ಗಲ್ಲದ ಕೆಳಗಿಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಬೀಗವಿರುವ ಬೇರೆ ಮೂಲೆಯಲ್ಲಿಡಬೇಕು. ಪೆಟ್ಟಿಗೆಯ ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಚಿತ್ರದಲ್ಲಿ ಕಳ್ಳತನ ಹಗಲು ಹನ್ನೆರಡಕ್ಕೆ ನಡೆದಂತಿದ್ದರೆ ವಕೀಲರು ಬಿಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಇಂಥ ದಾಖಲೆಯ ಪ್ರತಿಯೊಡನೆ ಗೊತ್ತಾದ ನಮೂನೆಯ ಪ್ರಮಾಣಪತ್ರವನ್ನೂ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಪೊಲೀಸ್ ಠಾಣೆಗೆ ಹೋಗುವಾಗ ಯಜಮಾನರು ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವನ್ನಷ್ಟೇ ಒಯ್ದು, ‘ಡಿಸ್ಕು ಇದೆಯಲ್ಲ, ಆಮೇಲೆ ನೋಡೋಣ’ ಎಂದು ಹನ್ನೊಂದು ದಿನ ಸುಮ್ಮನಿದ್ದರೆ, ಹನ್ನೆರಡನೆಯ ದಿನದ ಚಿತ್ರ ಮೊದಲನೆಯ ದಿನದ ಕಳ್ಳನ ಮೇಲೆ ಬರೆದುಕೊಂಡಿರುತ್ತದೆ.